ಹೊಳೆಯಪ್ಪನ ಏಳು ಹೊಲಿಗೆ

“ಈ ಅಕ್ಷರ ಯಾರದು, ಕಾಕಾ?”

ವಕೀಲೆ ಸುಹಾಸಿನಿ ಕುಲಕರ್ಣಿ ಮೇಜಿನ ಮೇಲೆ ಸರಿಸಿದ ನಕಲು ಪ್ರತಿಯನ್ನು ಶಾಂತಯ್ಯ ಕನ್ನಡಕ ಏರಿಸಿಕೊಂಡು ನೋಡಿದ. ಹನ್ನೊಂದು ವರ್ಷದ ಹಿಂದಿನ ಬಂದೋಬಸ್ತ್ ಪಟ್ಟಿ. ಏಳರ ಅಂಕಿ ಬಂದಲ್ಲೆಲ್ಲ ನಡುವೆ ಸಣ್ಣದೊಂದು ಅಡ್ಡಗೆರೆ. ಮೂವತ್ತೊಂದು ವರ್ಷ ಪೊಲೀಸ್ ಠಾಣೆಗಳಲ್ಲಿ ರೈಟರ್ ಆಗಿ ಕುಳಿತು ಕಾಗದ ಬರೆದು, ನಿವೃತ್ತನಾದ ಮೇಲೆ ಈ ವಕೀಲೆಯ ಬಳಿ ಗುಮಾಸ್ತನಾದವನಿಗೆ ತನ್ನ ಕೈಬರಹ ತನಗೆ ಗೊತ್ತಾಗದೇ ಇರುತ್ತದೆಯೇ?

“ಅಹಮದಸಾಬಂದು ಇರಬೇಕ್ರೀ ಮೇಡಂ. ಆವಾಗ ಆ ಠಾಣ್ಯಾಗ ನಾವಿಬ್ಬರೂ ರೈಟರ್ ಇದ್ವಿ.”

“ಅವರನ್ನ ಸಾಕ್ಷಿಗೆ ಕರಸಲಿಕ್ಕೆ ಬರ್ತದೇನು?”

“ತೀರಿಕೊಂಡು ಎರಡು ವರ್ಷ ಆತ್ರಿ.”

ಸತ್ತವನ ತಲೆಗೆ ಕಟ್ಟುವುದು ಎಷ್ಟು ಸಲೀಸು ನೋಡಿ. ಅಹಮದಸಾಬ ಇವನ ಜೊತೆ ಒಂದೇ ಬುತ್ತಿಯಲ್ಲಿ ರೊಟ್ಟಿ ತಿಂದವನು, ಒಂದು ದಿನವೂ ಸುಳ್ಳು ಬರೆದವನಲ್ಲ. ಶಾಂತಯ್ಯನ ಮುಖ ಕೆಂಪಗಾಯಿತು, ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಧಾರವಾಡದ ಮಾಳಮಡ್ಡಿಯಲ್ಲಿ ಸುಹಾಸಿನಿಯ ಕಚೇರಿಯಾಗಿದ್ದ ಆ ಹಳೇ ಮನೆಯ ಮುಂಗೋಣೆಯಲ್ಲಿ, ಪುಸ್ತಕದ ಕಪಾಟಿಗೆ ಬೆನ್ನು ಹಚ್ಚಿ ರತ್ನವ್ವ ಕುಳಿತಿದ್ದಳು. ಅವಳ ಗಂಡ, ಮಾಜಿ ಕಾನ್‌ಸ್ಟೇಬಲ್ ಹೊಳೆಯಪ್ಪ, ತೀರಿಕೊಂಡಿದ್ದ. ಅವನ ಪಿಂಚಣಿಯ ತಕರಾರು ಸೋಮವಾರ ಹೈಕೋರ್ಟಿನಲ್ಲಿ ಕೊನೆಯ ವಿಚಾರಣೆಗೆ ಬರುವುದಿತ್ತು. ಇವತ್ತು ಶುಕ್ರವಾರ.

ತಕರಾರು ಹೇಳುವುದಕ್ಕೆ ಸಣ್ಣದು. ಏಳು ವರ್ಷದ ಹಿಂದೆ ವೈದ್ಯಕೀಯ ಮಂಡಳಿ ಹೊಳೆಯಪ್ಪನ ಬೆನ್ನು ನೋಡಿ, ನೌಕರಿಗೆ ತಕ್ಕವನಲ್ಲವೆಂದು ಮನೆಗೆ ಕಳಿಸಿತ್ತು. ಬೆನ್ನುಬೇನೆಗೂ ಡ್ಯೂಟಿಗೂ ಸಂಬಂಧವಿಲ್ಲ ಎಂದು ಕನಿಷ್ಠ ಪಿಂಚಣಿ. ಆಮೇಲೆ ಅವನಿಗೆ ಮೂರ್ಛೆ ಬರತೊಡಗಿತು. ಆಗ ಅವನು ಹೊಸ ಅರ್ಜಿ ಹಾಕಿದ: ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರ ಮುಷ್ಕರದ ದಿನ, ಗೇಟಿನ ಮುಂದೆ ಬಂದೋಬಸ್ತಿನಲ್ಲಿ ನಿಂತಾಗ ತಲೆಗೆ ಕಲ್ಲು ಬಿದ್ದಿತ್ತು, ಮೂರ್ಛೆ ಅದರಿಂದಲೇ ಎಂದು. ಇಲಾಖೆ ಹಾಜರಿ ತೆಗೆದು ತೋರಿಸಿತು. ಆ ದಿನ ಹೊಳೆಯಪ್ಪನಿಗೆ ವಾರದ ರಜೆ. ಬಂದೋಬಸ್ತ್ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ.

ಟ್ರಿಬ್ಯೂನಲ್ ಅರ್ಜಿ ವಜಾ ಮಾಡಿತು. ನಾಲ್ಕು ತಿಂಗಳೊಳಗೆ, ನವೆಂಬರ್ ಹನ್ನೆರಡರಂದು, ಹೊಳೆಯಪ್ಪನ ಹೆಣ ಅವನ ಊರಾದ ಮುಗದದ ದಾರಿಯ ಮೋರಿಯ ಕೆಳಗೆ ಸಿಕ್ಕಿತು. ಬದುಕಿದ್ದಾಗ ಅವನ ಮೂರ್ಛೆಯನ್ನು ನಾಟಕ ಎಂದಿದ್ದವರೇ ಪಂಚನಾಮೆಯಲ್ಲಿ, ಮೂರ್ಛೆ ಬಂದು ಬಿದ್ದು ಸತ್ತಿದ್ದಾನೆ ಎಂದು ಬರೆದು ಫೈಲು ಮುಚ್ಚಿದರು. ಇಂಥದ್ದಕ್ಕೆ ನಗಬೇಕೋ ಎದೆ ಬಡಿದುಕೊಳ್ಳಬೇಕೋ ರತ್ನವ್ವನಿಗೆ ತಿಳಿಯಲಿಲ್ಲ.

“ರೊಕ್ಕದ ಮಾತು ಆಮ್ಯಾಲಿಂದ್ರಿ,” ಎಂದಳು ಅವಳು. “ಪಿಂಚಣಿ ಆಸೇಕ ಗಾಯಾ ಹುಟ್ಟಿಸಿಕೊಂಡಾನ ಅಂತ ಆರ್ಡರದಾಗ ಬರದಾರಲ್ರೀ? ನನಗ ಓದಾಕ ಬರೂದಿಲ್ಲ. ಆದರ ಆ ಸಾಲು ಎಲ್ಲೈತಿ ಅಂತ ಗೊತ್ತೈತಿ. ಅದನ್ನ ಅಳಸ್ರಿ.”

ಸುಹಾಸಿನಿ ಎರಡನೆಯ ಕಾಗದ ಮುಂದಿಟ್ಟಳು. ಅವಳ ದನಿಯಲ್ಲಿ ಆಸೆ ಉಳಿದಿರಲಿಲ್ಲ.

“ಇದು ಅವತ್ತಿನ ದವಾಖಾನಿ ರಜಿಸ್ಟರ್. ಆ ಗಲಾಟೆಯೊಳಗ ತಲೆಗೆ ಪೆಟ್ಟು ಬಿದ್ದ ಪೊಲೀಸ್ ಅಂದ್ರ ಒಬ್ಬನ ಒಬ್ಬ. ನಂಬರ್ ಹನ್ನೊಂದು ನಲವತ್ತೇಳು, ಶಿವಯೋಗೀಶ. ಎಡಗಿವಿ ಹಿಂದ ಏಳು ಹೊಲಿಗೆ. ಬಂದೋಬಸ್ತ್ ಪಟ್ಟಿಯೊಳಗೂ ಅವನ ಹೆಸರ ಅದ. ಸರ್ಕಾರಿ ವಕೀಲರು ಇದನ್ನ ತೋರಿಸಿದ್ರ ನಮ್ಮ ಕೇಸು ಅಲ್ಲಿಗೇ ಮುಗೀತು.”

ಶಾಂತಯ್ಯ ಸುಮ್ಮನಿದ್ದಿದ್ದರೆ ಎಲ್ಲವೂ ಅಲ್ಲೇ ಮುಗಿದುಹೋಗುತ್ತಿತ್ತು. ಆದರೆ ಹಳೇ ಚಟ ಬಿಡಬೇಕಲ್ಲ. ಅವನು ಬೇಡವೆನ್ನುವ ಮೊದಲೇ ಅವನ ಬೆರಳು ಪುಟದ ತಳಕ್ಕೆ ಹೋಗಿತ್ತು. ಪೊಲೀಸ್ ಕೇಸಿನ ಗಾಯಾಳು ಬಂದರೆ ಡಾಕ್ಟರು ಹೆಸರಿನ ಜೊತೆ ಮೈಮೇಲಿನ ಎರಡು ಗುರುತು ಬರೆಯಲೇಬೇಕು. ಆ ಅಂಕಣವನ್ನು ಯಾರೂ ಓದುವುದಿಲ್ಲ. ವಕೀಲರೂ ಓದುವುದಿಲ್ಲ.

“ಬಲ ಮುಂಗೈ ಮೇಲೆ ಚೇಳಿನ ಹಚ್ಚೆ,” ಎಂದು ಓದಿದ. “ಬೆನ್ನಿನ ಮೇಲೆ ಅಂಗೈ ಅಗಲದ ಸುಟ್ಟ ಕಲೆ.”

ರತ್ನವ್ವ ಎದ್ದು ನಿಂತಳು.

“ಅದು ಅವನ ಮೈ ರೀ! ಚೇಳು ಅವರವ್ವ ಹಾಕಿಸಿದ್ದು. ಬೆನ್ನ ಮ್ಯಾಲೆ ಸಣ್ಣಾಂವ ಇದ್ದಾಗ ಬಿಸಿ ಹಾಲು ಬಿದ್ದಿತ್ತು. ಹೆಸರು ಯಾರದರೆ ಇರ್ಲಿ, ಮೈ ನನ್ನ ಗಂಡಂದು!”

ಸುಹಾಸಿನಿ ಆ ಪುಟವನ್ನು ಕಸಿದುಕೊಂಡಂತೆ ಎತ್ತಿಕೊಂಡಳು. ಹೊಳೆಯಪ್ಪನ ಸೇವಾ ಪುಸ್ತಕದ ಮೊದಲ ಹಾಳೆ ತೆಗೆದು ಪಕ್ಕಕ್ಕೆ ಹಿಡಿದಳು. ನೌಕರಿಗೆ ಸೇರಿದ ದಿನ ಬರೆದಿದ್ದ ಗುರುತುಗಳು: ಚೇಳಿನ ಹಚ್ಚೆ, ಬೆನ್ನಿನ ಸುಟ್ಟ ಕಲೆ. ಅವಳ ಕಣ್ಣು ಮಿಂಚಿದವು. ಆಮೇಲೆ ನಿಧಾನಕ್ಕೆ ಮಂಕಾದವು.

“ಇಷ್ಟ ಸಾಲೂದಿಲ್ಲ ಕಾಕಾ. ಸರ್ಕಾರದವರು ಏನಂತಾರ? ರಜಾ ದಿವಸ ಎಲ್ಲೋ ಕುಡದು ಬಡದಾಡಿ, ಗೆಳೆಯನ ಹೆಸರಿನ ಮ್ಯಾಲೆ ಹೊಲಿಗೆ ಹಾಕಿಸಿಕೊಂಡ ಅಂತಾರ. ಅಂವ ಗೇಟಿನ ಮುಂದ ಡ್ಯೂಟಿ ಮ್ಯಾಲೆ ಇದ್ದ ಅಂತ ಕಂಡು ಹೇಳೋರು ಬೇಕು. ಯಾರ ಬದಲಿಗೆ ನಿಂತಿದ್ದ, ಗೊತ್ತಿದ್ದೂ ಯಾರು ಬಿಟ್ರು, ಹೆಸರು ಯಾರು ಬರದ್ರು.”

“ಯಾರ ಬದ್ಲಿ ನಿಂತಿದ್ದಿ ಅಂತ ನೂರು ಸಲ ಕೇಳೇನ್ರಿ,” ರತ್ನವ್ವ ಸೆರಗಿನಿಂದ ಕಣ್ಣೊರಸಿಕೊಂಡಳು. “ಹೇಳಿದ್ರ ಅಂವನ ಅನ್ನ ಹೋಗ್ತೈತಿ, ತಾನ ಹೇಳ್ತಾನ ಬಿಡು ಅಂತಿದ್ದ. ಅಷ್ಟ ಅಂದು ಗ್ವಾಡಿ ಕಡೆ ಮುಖಾ ಮಾಡಿ ಮಲಗತಿದ್ದ.”

ಶಾಂತಯ್ಯ ಕನ್ನಡಕ ತೆಗೆದು ಕಿಸೆಗೆ ಹಾಕಿದ.

“ಶಿವಯೋಗೀಶನ್ನ ಕಂಡು ಬರ್ತೇನ್ರಿ ಮೇಡಂ,” ಎಂದು ಛತ್ರಿ ತೆಗೆದುಕೊಂಡು ಎದ್ದ.

* * *

ಹುಬ್ಬಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವನಿಗೆ ಹೊರಗಿನದು ಒಂದೂ ಕಾಣಲಿಲ್ಲ.

ಹದಿನೈದು ದಿನದ ಹಿಂದೆ ಈ ಕೇಸು ಕೈಗೆ ಬಂದಾಗ ಆ ದಿನದ್ದು ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಇಷ್ಟಾದರೂ ಅವನ ಪರವಾಗಿ ಹೇಳಬೇಕು. ಠಾಣೆಗಳಲ್ಲಿ ಬದಲಿ ಡ್ಯೂಟಿ ಎನ್ನುವುದು ಚಹಾ ಕುಡಿದಷ್ಟೇ ಮಾಮೂಲು. ಒಬ್ಬನ ಮನೆಯಲ್ಲಿ ಸೀಮಂತ, ಇನ್ನೊಬ್ಬನ ಹೊಲದಲ್ಲಿ ಬಿತ್ತನೆ. ಮೇಲಿನವರನ್ನು ಕೇಳಿದರೆ ರಜೆ ಇಲ್ಲ. ರಜೆಯಲ್ಲಿದ್ದ ಗೆಳೆಯ ಬಂದು ನಿಲ್ಲುತ್ತಾನೆ. ಹಾಜರಿ ಕೂಗುವಾಗ ಇವನ ನಂಬರಿಗೆ ಅವನು ಹಾಜರ್ ಎನ್ನುತ್ತಾನೆ. ರೈಟರ್ ತಲೆ ಎತ್ತಿ ಮುಖ ನೋಡುತ್ತಾನೆ, ಮತ್ತೆ ತಲೆ ತಗ್ಗಿಸಿ ಟಿಕ್ ಹಾಕುತ್ತಾನೆ. ಅದರಲ್ಲಿ ಲಂಚವಿಲ್ಲ, ದ್ವೇಷವಿಲ್ಲ. ಹಾಗೆ ಟಿಕ್ ಹಾಕುವ ರೈಟರನನ್ನು ಹುಡುಗರು ದೇವರಂಥ ಮನುಷ್ಯ ಎನ್ನುತ್ತಾರೆ. ಶಾಂತಯ್ಯನಿಗೆ ಆ ಮಾತು ಕೇಳಲು ಬಹಳ ಇಷ್ಟವಾಗುತ್ತಿತ್ತು.

ಆ ದಿನವೂ ಹಾಗೇ ಟಿಕ್ ಹಾಕಿದ್ದ. ಮಧ್ಯಾಹ್ನ ಜೀಪು ಬಂತು. ಹಿಂದಿನ ಸೀಟಿನಲ್ಲಿ ಹೊಳೆಯಪ್ಪ, ಕೊರಳವರೆಗೆ ರಕ್ತ.

ಆಸ್ಪತ್ರೆಗೆ ಕಳಿಸುವ ಚೀಟಿಯನ್ನು ರೈಟರ್ ಬರೆಯಬೇಕು. ಶಾಂತಯ್ಯ ಪೆನ್ನು ಹಿಡಿದು ಒಂದು ಕ್ಷಣ ನಿಂತಿದ್ದ. ನಿಜ ಬರೆದರೆ ಮೂವರ ಸಸ್ಪೆಂಡು: ಗೈರಾದವನು, ಬದಲಿ ನಿಂತವನು, ಟಿಕ್ ಹಾಕಿದವನು. ಅವನು ಹನ್ನೊಂದು ನಲವತ್ತೇಳು ಎಂದು ಬರೆದ. ಏಳಕ್ಕೆ ಅಡ್ಡಗೆರೆ ಎಳೆದ. ಆಮೇಲೆ ಜೀಪಿನ ಕಿಟಕಿಗೆ ಬಗ್ಗಿ, ಅರೆ ಎಚ್ಚರದಲ್ಲಿದ್ದವನ ಕಿವಿಯಲ್ಲಿ ಹೇಳಿದ್ದ: “ಹೊಳ್ಯಾ, ಡಾಕ್ಟರ್ ಹೆಸರು ಕೇಳಿದ್ರ ಶಿವಯೋಗೀಶ ಅನ್ನು.”

ಹೊಳೆಯಪ್ಪ ತಲೆಯಾಡಿಸಿದ್ದ. ರಕ್ತ ಸೋರುವ ತಲೆಯನ್ನು ಅಲ್ಲಾಡಿಸಿ, ಆಯ್ತ್ರೀ ಅಂದಿದ್ದ.

* * *

ಗೋಕುಲ ರಸ್ತೆಯ ಹಿಂದಿನ ಬಡಾವಣೆಯಲ್ಲಿ ಶಿವಯೋಗೀಶನ ಹೊಸ ಮನೆ. ತಲೆಗಾಯದಿಂದ ನಿಂತಲ್ಲೇ ತಲೆ ಸುತ್ತುತ್ತದೆ ಎಂದು ಐದು ವರ್ಷದ ಹಿಂದೆ ಇಲಾಖೆಯಿಂದ ಬಿಡುಗಡೆಯಾಗಿ, ಡ್ಯೂಟಿಯ ಗಾಯಕ್ಕೆ ಕೊಡುವ ದೊಡ್ಡ ಪಿಂಚಣಿ ಪಡೆದವನು. ಶಾಂತಯ್ಯ ಗೇಟು ತೆಗೆದಾಗ ಅವನು ನಿಚ್ಚಣಿಕೆಯ ತುದಿಯಲ್ಲಿ ನಿಂತು ನೀರಿನ ಟಾಕಿಯ ಪೈಪು ಬಿಗಿಯುತ್ತಿದ್ದ.

“ಸಾವಕಾಶ ಇಳಿಯಪಾ,” ಎಂದ ಶಾಂತಯ್ಯ ಕೆಳಗಿನಿಂದ. “ತಲಿ ತಿರುಗಿ ಬಿದ್ದಿ ಮತ್ತ.”

ಶಿವಯೋಗೀಶ ಕೆಳಗೆ ನೋಡಿದ. ಪೈಪು ಬಿಟ್ಟು ಚಕಚಕ ಇಳಿದು ಬಂದ.

“ಅಯ್ನಾರ! ಎಷ್ಟು ವರ್ಷಕ್ಕ ಬಂದ್ರಿ. ಬರ್ರಿ, ಒಳಗ ಬರ್ರಿ. ಚಹಾ ಮಾಡಸ್ತೇನಿ.”

“ಚಹಾ ಬ್ಯಾಡ. ತಲಿ ತೋರಸು.”

“ಏನ್ರಿ?”

“ಎಡಗಿವಿ ಹಿಂದ. ಏಳು ಹೊಲಿಗಿ ಹಾಕ್ಯಾರಲ್ಲ, ತೋರಸು ನೋಡೋಣು.”

ಶಿವಯೋಗೀಶನ ಕೂದಲು ಪೂರಾ ಉದುರಿಹೋಗಿತ್ತು. ಬಿಸಿಲಿಗೆ ಬೋಳು ತಲೆ ತೊಳೆದಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ತಲೆಗೆ ಸುತ್ತಿಕೊಂಡ.

“ಮಂಡಳಿಯವ್ರು ನೋಡಲಿಲ್ಲೇನು?” ಎಂದ ಶಾಂತಯ್ಯ.

“ಕಾಗದಾ ನೋಡಿದ್ರು. ಕಾಗದದಾಗ ಎಲ್ಲಾ ಐತೆಲ್ಲರಿ.” ಶಿವಯೋಗೀಶ ಕಟ್ಟೆಯ ಮೇಲೆ ಕುಳಿತ. “ಆ ಕಾಗದಾ ಬರದಾವ್ರು ನೀವ,” ಎಂದ.

“ಹೌದು. ನಾನ.”

ಅಷ್ಟು ಸಲೀಸಾಗಿ ಒಪ್ಪಿಕೊಂಡಾನು ಎಂದು ಶಿವಯೋಗೀಶ ಎಣಿಸಿರಲಿಲ್ಲ.

“ಅವತ್ತ ನನ್ನ ಮಗಳನ್ನ ತೊಟ್ಟಿಲದಾಗ ಹಾಕೂದಿತ್ರಿ. ಹೊಳ್ಯಾ ತಾನ ಬಂದು, ನೀ ಹೋಗು, ನಾ ನಿಂದರ್ತೇನಿ ಅಂದ. ನಾ ಅಂವಗ ಕಲ್ಲು ಬೀಳ್ಲಿ ಅಂತ ಬೇಡಿಕೊಂಡಿದ್ನೇನ್ರಿ?”

“ಕಲ್ಲಿನ ಮಾತು ಯಾರು ಕೇಳಿದ್ರು? ಪಿಂಚಣಿ ಮಾತು ಹೇಳು.”

“ದೂರಕ್ಕ ಬದಲಿ ಮಾಡಿದ್ರು. ಹೋಗಾಕ ಮನಸ್ಸಿರಲಿಲ್ಲ. ಆಫೀಸಿನ್ಯಾಗ ಒಬ್ಬಾಂವ ನನ್ನ ಸೇವಾ ಪುಸ್ತಕ ತಿರುವಿ, ನಿನಗ ತಲಿಗೆ ಪೆಟ್ಟು ಬಿದ್ದೈತೆಲ್ಲೋ, ಇದರ ಮ್ಯಾಲೆ ಹೊರಗ ಬೀಳು ಅಂದ. ನಾ ಹುಟ್ಟಿಸಿದ್ದಲ್ರಿ ಅದು. ಅಲ್ಲೆ ಬಿದ್ದಿತ್ತು. ಯಾರಿಗೂ ಬ್ಯಾಡಾಗಿತ್ತು.”

“ಹೊಳೆಯಪ್ಪಗ ಬೇಕಾಗಿತ್ತು.”

“ಅಂವಾ ಕೇಳಿದ್ದು ಆಮ್ಯಾಲ್ರಿ. ನಂದು ಆಗಿ ಹೋಗಿತ್ತು.”

ಶಾಂತಯ್ಯನ ಕೈ ಛತ್ರಿಯ ಹಿಡಿಕೆಯ ಮೇಲೆ ಬಿಗಿಯಾಯಿತು. ಹೊಡೆಯಬೇಕು ಅನ್ನಿಸಿತು. ಯಾವ ಮುಖ ಹೊತ್ತು ಹೊಡೆಯುವುದು?

“ಹೊಳೆಯಪ್ಪ ಸಾಯೂ ದಿನ ಇಲ್ಲೆ ಬಂದಿದ್ನೋ ಇಲ್ಲೋ?”

ಹಳೇ ಪೊಲೀಸಿನವನು ಅಂದಾಜಿನ ಮೇಲೆ ಎಸೆದ ಪ್ರಶ್ನೆ ತಾಗಿತು. ಶಿವಯೋಗೀಶ ಬೀದಿಯ ಕಡೆ ನೋಡಿ ದನಿ ಇಳಿಸಿದ.

“ಬಂದಿದ್ದ. ಜೀವಂತ ಇದ್ದೇನಿ ಅಂತ ಸಹಿ ಮಾಡಿ ಕೊಡಾಕ ನವೆಂಬರದಾಗ ಬ್ಯಾಂಕಿನ ಮುಂದ ಸಾಲು ಹಚ್ಚತೇವಲ್ರಿ, ಅಲ್ಲೆ ಯಾರೋ ಅಂದ್ರಂತ, ಶಿವಯೋಗೀಶಗ ತಲಿಗಾಯದ ಪಿಂಚಣಿ ಐತಿ ಅಂತ. ಅಲ್ಲೀತನಕ ಅಂವಗ ಗೊತ್ತಿದ್ದಿಲ್ಲ. ಸೀದಾ ಇಲ್ಲೆ ಬಂದ.”

“ಬಡದಾಡಿದ್ರೇನು?”

“ಇಲ್ರೀ. ಇದ ಕಟ್ಟಿ ಮ್ಯಾಲೆ ಕುಂತು ಅತ್ತ. ನೀ ಬಂದು ಹೇಳೋ, ನನ್ನ ಸುಳ್ಳುಗಾರ ಅಂತ ಬರದಾರ ಅಂತಂದು ಕಾಲು ಹಿಡಿಯಾಕ ಬಂದ. ಆಗೂದಿಲ್ಲ ಅಂದೆ. ನಂದೂ ಹೋಗ್ತೈತಿ, ಮ್ಯಾಲ ಜೈಲು ಅಂದೆ. ಎದ್ದಾ. ಹಂಗಾರ ರೈಟರ್ ಅಯ್ನಾರ ಮನೀಗೆ ಹೋಗ್ತೇನಿ, ಅವರು ಬರದು ಕೊಡ್ತಾರ ಅಂದಾ. ಹೊಂಟು ಹೋದ.”

“ನನ್ನ ಕಡೆ ಬಂದಿಲ್ಲ.”

“ನನಗೇನು ಗೊತ್ರಿ?”

“ಸುಳ್ಳು ಹೇಳಬ್ಯಾಡ ಶಿವಯೋಗಿ. ಅಂವನ ಹಿಂದ ಯಾರನ್ನ ಕಳಿಸಿದಿ?”

“ನನ್ನ ಮಗಳ ಆಣಿ ರೀ, ಯಾರನ್ನೂ ಕಳಿಸಿಲ್ಲ.” ಅವನು ಎದ್ದು ನಿಂತ. ಹೆದರಿದ ಮನುಷ್ಯನ ದನಿ ಈಗ ಗಡಸಾಯಿತು. “ಅಯ್ನಾರ, ಒಂದು ಮಾತು ಹೇಳ್ತೇನಿ. ನೀವು ಕೋರ್ಟಿನ್ಯಾಗ ಬಾಯಿ ಬಿಟ್ರ ಮೊದಲ ಹೋಗಾವ್ರು ನೀವ. ಸುಳ್ಳು ದಾಖಲೆ ಬರದ ಕೇಸು ನಿಮ್ಮ ಮ್ಯಾಲೆ. ಸತ್ತಾಂವ ಸತ್ತ. ಇದ್ದಾವ್ರು ಬಾಳೇ ಮಾಡೋಣು.”

ಶಾಂತಯ್ಯ ಗೇಟಿನವರೆಗೆ ಬಂದು ತಿರುಗಿ ನೋಡಿದ. ಶಿವಯೋಗೀಶ ಆಗಲೇ ನಿಚ್ಚಣಿಕೆಯನ್ನು ಎತ್ತಿ ಮನೆಯ ಹಿಂದಕ್ಕೆ ಒಯ್ಯುತ್ತಿದ್ದ.

* * *

ಮಾಳಮಡ್ಡಿಗೆ ವಾಪಸು ಬಂದಾಗ ಮಧ್ಯಾಹ್ನ ಒಂದೂವರೆ. ಸುಹಾಸಿನಿ ಊಟದ ಡಬ್ಬಿ ಬಿಚ್ಚಿರಲಿಲ್ಲ. ರತ್ನವ್ವ ಕುಳಿತಲ್ಲಿಂದ ಎದ್ದಿರಲಿಲ್ಲ.

“ಮೇಡಂ, ಮುಂಜಾನಿ ನಾ ಹೇಳಿದ್ದು ಸುಳ್ಳು,” ಎಂದ ಶಾಂತಯ್ಯ ನಿಂತುಕೊಂಡೇ. “ಆ ಅಕ್ಷರ ಅಹಮದಸಾಬಂದಲ್ಲ. ನಂದು.”

ಟಿಕ್ ಹಾಕಿದ್ದು, ಚೀಟಿ ಬರೆದದ್ದು, ಜೀಪಿನ ಕಿಟಕಿಗೆ ಬಗ್ಗಿ ಹೇಳಿದ್ದು, ಒಂದನ್ನೂ ಬಿಡದೆ ಹೇಳಿದ. ಸುಹಾಸಿನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು.

ಮಾತಾಡಿದವಳು ರತ್ನವ್ವ.

“ಅಯ್ನಾರ, ರಕ್ತ ಸೋರುವಾಗ ಅಂವಗ ಬ್ಯಾರೇದಾಂವನ ಹೆಸರು ಹೇಳಂತ ಕಲಿಸಿಕೊಟ್ಟಾವ್ರು ನೀವು?”

“ಹೌದವಾ.”

“ಅಂವ ನಿಮ್ಮನ್ನ ದೇವರಂಗ ತಿಳಕೊಂಡಿದ್ದ. ಹಬ್ಬಕ್ಕ ಮೊದಲ ಹೋಳಗಿ ನಿಮ್ಮ ಮನೀಗೆ ಕಳಸತಿದ್ದ.” ಅವಳು ಅಳಲಿಲ್ಲ. “ಏನು ಬರದು ಕೊಡಬೇಕೋ ಬರದು ಕೊಡ್ರಿ. ಸಹಿ ಮಾಡ್ರಿ. ಆಮ್ಯಾಲೆ ನನ್ನ ಮುಂದ ಕುಂದರಬ್ಯಾಡ್ರಿ.”

ಶಾಂತಯ್ಯನಿಗೆ ಕಣ್ಣೀರು ಬಂತು. ತಡೆದುಕೊಳ್ಳಲು ಹೋಗಲಿಲ್ಲ.

ಸುಹಾಸಿನಿ ಕಂಪ್ಯೂಟರಿನ ಮುಂದೆ ಕುಳಿತು ಶಾಂತಯ್ಯನ ಹೆಸರಿನಲ್ಲಿ ಕೋರ್ಟಿಗೆ ಪ್ರಮಾಣಪತ್ರ ಬರೆಯತೊಡಗಿದಳು. ಆರನೇ ಕಲಮಿಗೆ ಬಂದಾಗ ಕೈ ನಿಲ್ಲಿಸಿದಳು.

“ಕಾಕಾ, ಪಂಚನಾಮೆ ಮತ್ತೊಮ್ಮೆ ನೋಡಿದ್ನಿ. ಹೊಳೆಯಪ್ಪನ ಕಿಸೆಯೊಳಗ ಹುಬ್ಬಳ್ಳಿಯಿಂದ ಧಾರವಾಡಕ್ಕ ಬಂದ ಬಸ್ ಟಿಕೀಟ್ ಅದ. ಧಾರವಾಡದಿಂದ ಮುಗದಕ್ಕ ಟಿಕೀಟ್ ಇಲ್ಲ. ಮೂರ್ಛೆ ಮನುಷ್ಯ ಅಷ್ಟು ದೂರ ನಡಕೋತ ಹೋಗಿರಲಿಕ್ಕಿಲ್ಲ. ಯಾರೋ ಗಾಡಿ ಮ್ಯಾಲೆ ಒಯ್ದಾರ. ಒಯ್ದವರು ಮುಂದ ಬಂದು ಹೇಳಿಲ್ಲ. ಯಾಕ?”

“ಶಿವಯೋಗೀಶನ ಕಡಿಯಾವ್ರು ಧಾರವಾಡದತನಕ ಬೆನ್ನು ಹತ್ತಿ ಬಂದಾರ್ರಿ. ನನ್ನ ಮನಿ ಮುಟ್ಟೂದರೊಳಗ ಹಿಡದಾರ.”

“ನಿಮ್ಮ ಮನೆಗೆ ಬರಲಿಲ್ಲ ಅನ್ನೂದು ಖಾತ್ರಿ ಅದ ಏನು?”

“ಬರದುಕೊಳ್ರಿ ಮೇಡಂ. ಆ ದಿನ ಹೊಳೆಯಪ್ಪ ನನ್ನ ಮನೀಗೆ ಬಂದಿಲ್ಲ. ಪ್ರಮಾಣ ಮಾಡಿ ಹೇಳ್ತೇನಿ.”

ಅವಳು ಬರೆದುಕೊಂಡಳು. ಅದರ ಕೆಳಗೆ ಇನ್ನೊಂದು ಕೋರಿಕೆ ಸೇರಿಸಿದಳು: ಹೊಳೆಯಪ್ಪನ ಸಾವನ್ನು ಬೇರೆ ಅಧಿಕಾರಿಯಿಂದ ಮತ್ತೆ ತನಿಖೆ ಮಾಡಿಸಬೇಕು; ಧಾರವಾಡದಿಂದ ಮುಗದದವರೆಗೆ ಅವನನ್ನು ಗಾಡಿಯಲ್ಲಿ ಒಯ್ದವರನ್ನು ಪತ್ತೆ ಹಚ್ಚಬೇಕು. ಶಾಂತಯ್ಯ ಎರಡೆರಡು ಸಲ ಓದಿ ಸಹಿ ಹಾಕಿದ. ಎಷ್ಟೋ ವರ್ಷಕ್ಕೆ ಒಂದು ಖರೇ ಕಾಗದಕ್ಕೆ ಸಹಿ ಹಾಕಿದೆ ಅನ್ನಿಸಿತು. ನೋಟರಿಯ ಮುದ್ರೆ ಬಿತ್ತು. ನಾಲ್ಕು ಗಂಟೆಗೆ ಹೈಕೋರ್ಟಿನ ಕಚೇರಿಯಲ್ಲಿ ಅದು ದಾಖಲಾಯಿತು, ಸರ್ಕಾರಿ ವಕೀಲರಿಗೆ ಪ್ರತಿ ಮುಟ್ಟಿತು.

* * *

ಶಾಂತಯ್ಯ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ದಾಕ್ಷಾಯಿಣಿ ಪಡಸಾಲೆಯಲ್ಲಿ ಕುಳಿತು ಹಸಿ ಕಡಲೆ ಬಿಡಿಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟು, ಕಂಬಕ್ಕೊರಗಿ ಕುಳಿತು, ಮಾಡಿದ್ದನ್ನೆಲ್ಲ ಹೇಳಿದ. ಪಿಂಚಣಿ ನಿಂತರೂ ನಿಲ್ಲಬಹುದು, ಪೊಲೀಸರು ಬಂದರೂ ಬರಬಹುದು, ನೀನು ಗಟ್ಟಿ ಇರಬೇಕು ಎಂದ.

ಪಿಂಚಣಿಯ ಮಾತಿಗೆ ಅವಳು ಕೈ ನಿಲ್ಲಿಸಲಿಲ್ಲ. ಮರುತನಿಖೆಯ ಮಾತಿಗೆ ನಿಲ್ಲಿಸಿದಳು.

“ಆ ಕಾಗದಾ ತಿರುಗಿ ತಗೊಳ್ಳಾಕ ಬರತೈತೇನ್ರಿ?”

“ಯಾಕ?”

“ಬರತೈತೋ ಇಲ್ಲೋ ಹೇಳ್ರಿ.”

“ಕೋರ್ಟಿಗೆ ಹೋತು. ಬರೂದಿಲ್ಲ. ಯಾಕ, ಏನಾತು?”

ದಾಕ್ಷಾಯಿಣಿಯ ಮಡಿಲಿನಿಂದ ಕಡಲೆ ಉರುಳಿ ನೆಲಕ್ಕೆ ಬಿದ್ದವು. ಅವಳು ಆರಿಸಿಕೊಳ್ಳಲಿಲ್ಲ.

“ಹೊಳೆಯಪ್ಪ ಬಂದಿದ್ದ,” ಎಂದಳು. “ನೀವು ಅವತ್ತ ಬೆಳಗಾಂವಿಗೆ ಹೋಗಿದ್ರಿ. ಬಂದು ನೀವು ಕುಂತೀರಿ ನೋಡ್ರಿ, ಅಲ್ಲೆ ಕುಂತಿದ್ದ. ಚಹಾ ಕೊಟ್ಟೆ. ಎಲ್ಲಾ ಹೇಳಿದ. ನೀವು ಬರದದ್ದು, ನೀವು ಕಲಿಸಿದ್ದು. ಅಯ್ನಾರು ಬರೂತನಕ ಕುಂದರ್ತೇನವ್ವಾ ಅಂದ.”

“ನನಗ್ಯಾಕ ಹೇಳ್ಲಿಲ್ಲ ನೀ?”

“ಹೆಂಗ ಹೇಳ್ಲಿ? ಅಂವಗ ಕೈ ಮುಗದು, ನಮ್ಮ ಮನಿ ಹಾಳು ಮಾಡಬ್ಯಾಡಪಾ, ಹೋಗು ಅಂದೆ. ಮರುದಿನ ಮುಂಜಾನಿ ಅಂವ ಸತ್ತಾನಂತ ಪೇಪರಿನ್ಯಾಗ ಬಂತು. ನೀವು ಈ ಕೇಸು ತಗೊಂಡಾಗ ಬ್ಯಾಡ ಅಂತ ಎಷ್ಟು ಬಡಕೊಂಡೆ, ಕೇಳಿದ್ರೇನು?”

ಶಾಂತಯ್ಯ ಎರಡು ತಾಸಿನ ಹಿಂದೆ ಪ್ರಮಾಣ ಮಾಡಿ ಸಹಿ ಹಾಕಿದ ಮಾತು ಸುಳ್ಳಾಗಿತ್ತು. ಆದರೆ ಅವನ ಮೂವತ್ತೊಂದು ವರ್ಷದ ಪೊಲೀಸ್ ಬುದ್ಧಿ ಅಲ್ಲಿಗೇ ನಿಲ್ಲಲಿಲ್ಲ. ಅದು ಮುಂದಿನ ಪ್ರಶ್ನೆಗೆ ಹೋಗಿಯೇ ಬಿಟ್ಟಿತು.

“ಇಲ್ಲಿಂದ ಹೆಂಗ ಹೋದ ಅಂವ?”

ಅವಳು ತಲೆ ತಗ್ಗಿಸಿದಳು.

“ದಾಕ್ಷಾಯಿಣಿ, ಹೆಂಗ ಹೋದ?”

“ಏಳಾಕ ತಯಾರಿರಲಿಲ್ಲ ಅಂವ. ಅಷ್ಟರಾಗ ವಿಶಾಲ ಬಂದ. ಎಲ್ಲಾ ಕೇಳಿಸಿಕೊಂಡ. ಬಾಯಿ ಮಾಡಿದ. ಆಮ್ಯಾಲೆ ತಾನ, ಬಾ ಕಾಕಾ, ಮುಗದಕ್ಕ ಬಿಟ್ಟು ಬರ್ತೇನಿ ಅಂತ ರಟ್ಟಿ ಹಿಡದು ಎಬ್ಬಿಸಿ, ಗಾಡಿ ಮ್ಯಾಲೆ ಕುಂದರಿಸಿಕೊಂಡು ಹೋದ.”

ವಿಶಾಲ ಅವರ ಒಬ್ಬನೇ ಮಗ. ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸೂಪರ್‌ವೈಸರ್. ಬರುವ ತಿಂಗಳು ಅವನ ಮದುವೆ. ಹಗಲು ಪಾಳಿ ಮುಗಿಸಿ ಮನೆಗೆ ಬರುವ ಹೊತ್ತು ಇದೇ. ಹೊರಗೆ ಗಾಡಿ ನಿಂತ ಸದ್ದಾಯಿತು. ದಾಕ್ಷಾಯಿಣಿ ಗಂಡನ ಕೈ ಹಿಡಿದುಕೊಂಡಳು.

“ಏನೂ ಕೇಳಬ್ಯಾಡ್ರಿ. ನಿಮ್ಮ ಕೈ ಮುಗೀತೇನಿ.”

ವಿಶಾಲ ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದ. ನೆಲದ ಮೇಲಿನ ಕಡಲೆ ನೋಡಿದ, ತಾಯಿಯ ಮುಖ ನೋಡಿದ. ಬಾಗಿಲಲ್ಲೇ ನಿಂತ.

“ಹೊಳೆಯಪ್ಪನ್ನ ಎಲ್ಲೆ ಇಳಿಸಿದಿ?” ಎಂದ ಶಾಂತಯ್ಯ.

“ಯಾವ ಹೊಳೆಯಪ್ಪ?”

ಇಂಥ ಉತ್ತರವನ್ನು ಶಾಂತಯ್ಯ ಠಾಣೆಯ ಬೆಂಚಿನ ಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದ್ದನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಮುಂದೆ ಏನು ಬರುತ್ತದೆಂದು ಅವನಿಗೆ ಗೊತ್ತಿರುತ್ತಿತ್ತು. ಈಗಲೂ ಗೊತ್ತಿತ್ತು. ತಾನು ಕೇಳದೆ ಎದ್ದು ಒಳಗೆ ಹೋದರೆ ಸಾಕು, ಸೋಮವಾರದವರೆಗಾದರೂ ಈ ಹುಡುಗ ಬರೀ ತನ್ನ ಮಗನಾಗಿರುತ್ತಾನೆ. ಕಾಲು ಏಳಲಿಲ್ಲ.

“ಬಸ್ ಸ್ಟ್ಯಾಂಡಿನ್ಯಾಗ ಇಳಿಸಿದ್ಯೋ, ಅವನ ಮನೀ ಮುಂದೋ?” ದನಿ ಅವನದೇ ಆಗಿರಲಿಲ್ಲ. “ಸೋಮವಾರ ಮತ್ತೊಬ್ಬರು ಕೇಳ್ತಾರ. ಅದಕ್ಕಿಂತ ಮೊದಲ ನನಗ ಹೇಳು.”

ವಿಶಾಲನ ಕೈಯಿಂದ ಹೆಲ್ಮೆಟ್ ಜಾರಿತು. ಅದು ಉರುಳಿ ಗೋಡೆಗೆ ಬಡಿದು ನಿಲ್ಲುವವರೆಗೂ ಮೂವರಲ್ಲಿ ಯಾರೂ ಅಲುಗಲಿಲ್ಲ.

“ಅಪ್ಪಾ,” ಎಂದ ವಿಶಾಲ. “ಅಂವಾ ಗಾಡಿ ಮ್ಯಾಲಿಂದ ಬಿದ್ದಾಗ ಇನ್ನೂ ಜೀವ ಇತ್ತು.”